ದೊಡ್ಡ ಗಾಲಿ, ಸಣ್ಣ ಅಚ್ಚು: ಟರ್ಬೊಚಾರ್ಜರ್ ಬಾಳಿಕೆಯ ಗುಟ್ಟು

ತುಂಗಭದ್ರಾ ಯೋಜನಾ ಪ್ರದೇಶದಲ್ಲಿ ಭತ್ತದ ಕೊಯ್ಲು ಆರಂಭವಾಯಿತೆಂದರೆ ಕಂಬೈನ್ ಯಂತ್ರಗಳಿಗೆ ಬಿಡುವೆಂಬುದೇ ಇರುವುದಿಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಬ್ಬನ್ನು ಎಳೆಯುತ್ತವೆ. ಇಂತಹ ದಿನಗಳಲ್ಲಿ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಇದ್ದರೆ ಚೆನ್ನಾಗಿತ್ತು ಎಂದು ರೈತರಿಗೆ ಅನಿಸುವುದು ಸಹಜ. ‘ದೊಡ್ಡ ಟರ್ಬೊ ಹಾಕಿಸಿ, ಪಂಪಿನಲ್ಲಿ ಡೀಸೆಲ್ ಸ್ವಲ್ಪ ಹೆಚ್ಚಿಸಿ’ ಎಂಬ ಸಲಹೆಯೂ ಸುಲಭವಾಗಿ ಸಿಗುತ್ತದೆ. ಹೀಗೆ ಮಾಡಿದರೆ ಶಕ್ತಿ ಹೆಚ್ಚಬಹುದು. ಆದರೆ ಹಂಗಾಮು ಮುಗಿಯುವವರೆಗೆ ಯಂತ್ರ ಬಾಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಎತ್ತಿನ ಗಾಡಿಗೆ ದೊಡ್ಡ ಗಾಲಿ ಜೋಡಿಸಿ, ಅಚ್ಚು ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ ಏನಾಗುತ್ತದೆಂಬುದು ನಮ್ಮ ರೈತರಿಗೆ ತಿಳಿದೇ ಇದೆ. ಟರ್ಬೊ ವಿಷಯದಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಅದೇ.

ಟರ್ಬೊ ಎಂದರೇನು?

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಬಹಳಷ್ಟು ಶಕ್ತಿ ವ್ಯರ್ಥವಾಗುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಟರ್ಬೊಚಾರ್ಜರ್. ಹೊಗೆಯ ಕಡೆಯದು ಟರ್ಬೈನ್ ಚಕ್ರ, ಗಾಳಿಯ ಕಡೆಯದು ಕಂಪ್ರೆಸರ್ ಚಕ್ರ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ಲನ್ನು ಚೆನ್ನಾಗಿ ಉರಿಸಬಹುದು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯು 1961ರಲ್ಲಿ ತನ್ನ ಡಿ-19 ಡೀಸೆಲ್ ಟ್ರ್ಯಾಕ್ಟರನ್ನು ಕಾರ್ಖಾನೆಯಲ್ಲಿಯೇ ಟರ್ಬೊ ಅಳವಡಿಸಿ ಮಾರಾಟಕ್ಕೆ ತಂದಿತು. ನಮ್ಮ ದೇಶದಲ್ಲಿ 50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಆದುದರಿಂದ ಟರ್ಬೊ ಇರುವ ಎಂಜಿನ್ ಇಂದು ರೈತರಿಗೆ ಅಪರಿಚಿತ ವಸ್ತುವಲ್ಲ.

ಆಯಿಲ್ ಮೇಲೆ ತೇಲುವ ಶಾಫ್ಟ್

ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಟರ್ಬೊ ಶಾಫ್ಟ್ ಸುಮಾರು ಒಂದು ಲಕ್ಷ ಸುತ್ತು ತಿರುಗುತ್ತಿರಬಹುದು. 60 ಮಿ.ಮೀ. ಅಗಲದ ಚಕ್ರವೊಂದು ಈ ವೇಗದಲ್ಲಿ ತಿರುಗಿದಾಗ ಅದರ ಅಂಚು ಗಂಟೆಗೆ 1,100 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತದೆ. ಇಷ್ಟೆಲ್ಲವನ್ನೂ ಹೊರುವ ಶಾಫ್ಟ್ ಮಾತ್ರ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಕಂಪ್ರೆಸರ್ ಚಕ್ರದ ರಂಧ್ರದೊಳಗೆ ಹಾದುಹೋಗುವ ಅದರ ತುದಿ ಇನ್ನೂ ತೆಳು.

ಸಾಮಾನ್ಯ ಟರ್ಬೊಗಳಲ್ಲಿ ಈ ಶಾಫ್ಟಿಗೆ ಬಾಲ್ ಬೇರಿಂಗ್ ಇರುವುದಿಲ್ಲ. ಅದು ಹಿತ್ತಾಳೆ ಅಥವಾ ಕಂಚಿನ ಬುಷ್‌ಗಳೊಳಗೆ ತಿರುಗುತ್ತದೆ. ಬುಷ್‌ನ ಒಳಗೂ ಹೊರಗೂ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರವಿರುತ್ತದೆ. ಯಂತ್ರ ಸರಿಯಾಗಿ ನಡೆಯುವಾಗ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಶಾಫ್ಟ್ ಆಯಿಲ್ ಮೇಲೆ ತೇಲುತ್ತದೆ. ಈ ಪದರ ಇರುವವರೆಗೆ ಟರ್ಬೊ ವರ್ಷಗಟ್ಟಲೆ ಬಾಳುತ್ತದೆ. ಪದರ ಹರಿದರೆ ಕೆಲವೇ ಕ್ಷಣಗಳಲ್ಲಿ ಹಾಳಾಗುತ್ತದೆ.

ಶಾಫ್ಟನ್ನು ಸಣ್ಣದಾಗಿ ಮಾಡುವುದೇಕೆ?

ಶಾಫ್ಟ್ ಸಣ್ಣದಾಗಿರುವುದು ತಯಾರಕರ ಜಿಪುಣತನವಲ್ಲ. ಶಾಫ್ಟ್ ದಪ್ಪವಾದಷ್ಟೂ ಆಯಿಲ್ ಪದರದಲ್ಲಿ ಎಳೆತ ಹೆಚ್ಚಿ, ಹೊಗೆಯ ಶಕ್ತಿ ಅದರಲ್ಲಿಯೇ ಕಳೆದುಹೋಗುತ್ತದೆ. ಸಣ್ಣ ಶಾಫ್ಟ್ ಬೇಗ ವೇಗ ಹಿಡಿಯುತ್ತದೆ.

ಸಣ್ಣ ಶಾಫ್ಟ್ ತಿರುಚಿಕೊಂಡು ಮುರಿಯುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಇದು ಸರಿಯಲ್ಲ. ಒಂದು ಕಂಬೈನ್ ಎಂಜಿನ್ನಿನ ಟರ್ಬೊ ಶಾಫ್ಟ್ ಮೂಲಕ 10 ಕಿಲೋವ್ಯಾಟ್, ಅಂದರೆ ಸುಮಾರು 13 ಅಶ್ವಶಕ್ತಿ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ವೇಗದಲ್ಲಿ ಶಾಫ್ಟಿನ ಮೇಲೆ ಬೀಳುವ ತಿರುಚು ಬಲವು 10 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಗೆ ಸುಮಾರು ಒಂದು ಕಿಲೋ ತೂಕ ತೂಗುಹಾಕಿದಷ್ಟು ಮಾತ್ರ. ವೇಗ ಹೆಚ್ಚಾದುದರಿಂದ ಬಲ ಕಡಿಮೆ ಸಾಕಾಗುತ್ತದೆ. ಹಾಗಾದರೆ ತೊಂದರೆ ಬರುವುದು ಎಲ್ಲಿಂದ?

ಚಕ್ರ ದೊಡ್ಡದಾದಾಗ ಆಗುವುದೇನು?

ಹಳೆಯ ಬೇರಿಂಗ್ ಮನೆಯನ್ನೂ ಶಾಫ್ಟನ್ನೂ ಹಾಗೆಯೇ ಉಳಿಸಿಕೊಂಡು ದೊಡ್ಡ ಕಂಪ್ರೆಸರ್ ಚಕ್ರವನ್ನು ಜೋಡಿಸಿದಾಗ ಮೂರು ತೊಂದರೆಗಳು ಒಟ್ಟಿಗೇ ಬರುತ್ತವೆ.

ಮೊದಲನೆಯದು ತೂಕ. ಅದೇ ಆಕಾರದ ಚಕ್ರ ಅಗಲದಲ್ಲಿ ಶೇ. 10ರಷ್ಟು ಬೆಳೆದರೆ ತೂಕ ಶೇ. 33ರಷ್ಟು ಹೆಚ್ಚುತ್ತದೆ. ಅದನ್ನು ವೇಗಕ್ಕೆ ತರಲು ಎದುರಾಗುವ ಜಡತೆ ಶೇ. 61ರಷ್ಟು ಹೆಚ್ಚುತ್ತದೆ. ಆದ್ದರಿಂದ ನೇಗಿಲಿಗೆ ಭಾರ ಬಿದ್ದ ಕೂಡಲೇ ಬೇಕಾದ ಗಾಳಿ ಒದಗುವುದಿಲ್ಲ, ಕಪ್ಪು ಹೊಗೆ ಬರುತ್ತದೆ.

ಎರಡನೆಯದು ನಡುಕ. ಚಕ್ರವು ಬುಷ್‌ನಿಂದ ಹೊರಗೆ ಚಾಚಿಕೊಂಡಿರುತ್ತದೆ. ತುದಿಯಲ್ಲಿ ತೂಕ ಹೆಚ್ಚಿದಂತೆ ಶಾಫ್ಟ್ ಬಾಗಿ ಅದುರತೊಡಗುವ ವೇಗ ಕೆಳಗಿಳಿಯುತ್ತದೆ. ವೇಗ ಕಳೆದುಕೊಂಡ ಬುಗುರಿ ಓಲಾಡುವುದನ್ನು ಎಲ್ಲರೂ ನೋಡಿದ್ದೇವೆ. ಟರ್ಬೊ ಶಾಫ್ಟ್ ಹಾಗೆ ಓಲಾಡುವುದು ಪೂರ್ಣ ವೇಗದಲ್ಲಿ. ಚಕ್ರದ ಅಂಚಿನಲ್ಲಿ ನಡುವಿನಿಂದ 30 ಮಿ.ಮೀ. ದೂರದಲ್ಲಿ 0.1 ಗ್ರಾಂ, ಅಂದರೆ ನಾಲ್ಕೈದು ಅಕ್ಕಿಕಾಳಿನ ತೂಕ ಹೆಚ್ಚುಕಡಿಮೆಯಾದರೂ ಸಾಕು, ಲಕ್ಷ ಸುತ್ತಿನ ವೇಗದಲ್ಲಿ ಅದು ಸುಮಾರು 33 ಕಿಲೋ ತೂಕದಷ್ಟು ಬಲದಿಂದ ಶಾಫ್ಟನ್ನು ಎಳೆಯುತ್ತದೆ. ಆಗ ಆಯಿಲ್ ಪದರ ಉಳಿಯುವುದಿಲ್ಲ.

ಮೂರನೆಯದು ಉದ್ದನೆಯ ದಿಕ್ಕಿನ ಒತ್ತಡ. ಚಕ್ರದ ಎರಡೂ ಬದಿಯ ಗಾಳಿಯ ಒತ್ತಡ ಒಂದೇ ಇರುವುದಿಲ್ಲ. ಆದ್ದರಿಂದ ಶಾಫ್ಟ್ ಒಂದು ಕಡೆಗೆ ತಳ್ಳಲ್ಪಡುತ್ತದೆ. ಇದನ್ನು ತಡೆಯಲು ಥ್ರಸ್ಟ್ ಬೇರಿಂಗ್ ಇದೆ. ಚಕ್ರದ ಅಗಲ ಶೇ. 20ರಷ್ಟು ಹೆಚ್ಚಿದರೆ ಒತ್ತಡ ಬೀಳುವ ಜಾಗ ಶೇ. 44ರಷ್ಟು ಹೆಚ್ಚುತ್ತದೆ. ಥ್ರಸ್ಟ್ ಬೇರಿಂಗ್ ಮಾತ್ರ ಹಳೆಯ ಗಾತ್ರದ್ದೇ. ಅದು ಸವೆದರೆ ಚಕ್ರ ಮುಂದೆ ಸರಿದು ಕವಚಕ್ಕೆ ಉಜ್ಜುತ್ತದೆ.

ಹಾಗೆಂದು ದೊಡ್ಡ ಟರ್ಬೊ ಎಲ್ಲವೂ ಕೆಟ್ಟದ್ದೆಂದು ತಿಳಿಯಬಾರದು. ಅಷ್ಟೇ ಒತ್ತಡದ ಗಾಳಿ ಕೊಡಲು ದೊಡ್ಡ ಚಕ್ರ ಕಡಿಮೆ ವೇಗದಲ್ಲಿ ತಿರುಗಿದರೂ ಸಾಕು. ಚಕ್ರಕ್ಕೆ ತಕ್ಕ ಶಾಫ್ಟ್, ಬುಷ್ ಹಾಗೂ ಥ್ರಸ್ಟ್ ಬೇರಿಂಗ್ ಇದ್ದು, ಇಡೀ ಜೋಡಣೆಯನ್ನು ಯಂತ್ರದ ಮೇಲೆ ಸಮತೂಕ ಮಾಡಿದ್ದರೆ ಅದು ಚೆನ್ನಾಗಿಯೇ ಬಾಳುತ್ತದೆ. ಎಂಜಿನ್ ತಯಾರಕರು ಹೊಂದಿಸಿ ಕೊಟ್ಟ ಸಣ್ಣ ಶಾಫ್ಟಿನ ಟರ್ಬೊ ಕೂಡ ನಂಬಿಕೆಗೆ ಅರ್ಹವಾದುದೇ. ಒಂದರ ಚಕ್ರ, ಇನ್ನೊಂದರ ಶಾಫ್ಟ್ ಎಂದು ಕೂಡಿಸುವುದೇ ಅಪಾಯಕ್ಕೆ ದಾರಿ. ಅದರ ಜೊತೆಗೆ ಡೀಸೆಲ್ಲನ್ನೂ ಹೆಚ್ಚಿಸಿದರೆ ಹೊಗೆಯ ಶಾಖ ಮತ್ತು ಟರ್ಬೊ ವೇಗ ಎರಡೂ ಮಿತಿ ಮೀರುತ್ತವೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಎಂಜಿನ್ ಚಾಲೂ ಮಾಡಿದ ಮೇಲೆ ಒಂದೆರಡು ನಿಮಿಷ ನಿಧಾನ ವೇಗದಲ್ಲಿ ಬಿಡಬೇಕು. ಆಯಿಲ್ ಟರ್ಬೊವನ್ನು ತಲುಪುವ ಮೊದಲೇ ಎಕ್ಸಲೇಟರ್ ಒತ್ತಬಾರದು.

2. ಭಾರದ ಕೆಲಸದಿಂದ ಬಂದ ಕೂಡಲೇ ಎಂಜಿನ್ ನಿಲ್ಲಿಸಬಾರದು. ಮೂರರಿಂದ ಐದು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಬೇಕು. ಇಲ್ಲವಾದರೆ ಟರ್ಬೈನ್ ಕಡೆಯ ಶಾಖಕ್ಕೆ ಒಳಗೆ ನಿಂತ ಆಯಿಲ್ ಕರಕಲಾಗಿ ದಾರಿಗಳನ್ನು ಕಟ್ಟಿಬಿಡುತ್ತದೆ.

3. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿ, ಹೇಳಿದ ಗಂಟೆಗಳಿಗೆ ಸರಿಯಾಗಿ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಬೇಕು. ಆಯಿಲ್ ಪದರಕ್ಕಿಂತ ದಪ್ಪನಾದ ಒಂದು ಕಸದ ಕಣವೂ ಶಾಫ್ಟನ್ನು ಗೀರುತ್ತದೆ.

4. ಕೊಯ್ಲಿನ ಕಾಲದಲ್ಲಿ ಏರ್ ಫಿಲ್ಟರನ್ನು ದಿನವೂ ನೋಡಬೇಕು. ಫಿಲ್ಟರ್ ಕಟ್ಟಿಕೊಂಡರೆ ಅಥವಾ ಗಾಳಿಯ ಹೋಸ್ ಪೈಪು ಬಿರುಕು ಬಿಟ್ಟರೆ, ಕೊರತೆ ತುಂಬಲು ಟರ್ಬೊ ಅತಿ ವೇಗವಾಗಿ ತಿರುಗುತ್ತದೆ. ಫಿಲ್ಟರ್ ಹರಿದರೆ ಧೂಳು ಚಕ್ರದ ಅಲಗುಗಳನ್ನು ತಿಂದುಹಾಕುತ್ತದೆ.

5. ಹೊಸ ರೀತಿಯ ಸಿಳ್ಳು, ನೀಲಿ ಹೊಗೆ, ಆಯಿಲ್ ಬೇಗ ಕಡಿಮೆಯಾಗುವುದು, ಶಕ್ತಿ ಕುಂದುವುದು ಇವು ಎಚ್ಚರಿಕೆಯ ಚಿಹ್ನೆಗಳು. ಇವು ಕಂಡಾಗ ಕೆಲಸ ನಿಲ್ಲಿಸಿ ಪರೀಕ್ಷಿಸಬೇಕು. ಟರ್ಬೊದಿಂದ ಸೋರಿದ ಆಯಿಲನ್ನೇ ಎಂಜಿನ್ ಎಳೆದುಕೊಂಡು ಹತೋಟಿ ತಪ್ಪಿ ಓಡಬಹುದು. ಆಗ ಕೀ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ಇದು ಪ್ರಾಣಾಪಾಯದ ಸ್ಥಿತಿ.

6. ಎಂಜಿನ್ ನಿಲ್ಲಿಸಿ ಪೂರ್ತಿ ತಣ್ಣಗಾದ ಮೇಲೆ ಗಾಳಿಯ ಪೈಪನ್ನು ಬಿಚ್ಚಿ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡಬಹುದು. ಅಡ್ಡಡ್ಡಲಾಗಿ ಸ್ವಲ್ಪ ಅಲುಗುವುದು ತೇಲುವ ಬುಷ್‌ನ ಸಹಜ ಗುಣ. ಆದರೆ ಚಕ್ರ ಕವಚಕ್ಕೆ ತಾಗಬಾರದು. ಹಿಂದೆ ಮುಂದೆ ಆಡುವುದು ಕೈಗೆ ಸ್ಪಷ್ಟವಾಗಿ ತಿಳಿದರೆ ಥ್ರಸ್ಟ್ ಬೇರಿಂಗ್ ಸವೆದಿದೆ ಎಂದರ್ಥ.

ಟರ್ಬೊ ಬದಲಿಸುವಾಗ

ಹಳೆಯದು ಏಕೆ ಹೋಯಿತೆಂದು ತಿಳಿಯದೆ ಹೊಸದನ್ನು ಕೂರಿಸಬಾರದು. ಆಯಿಲ್ ಪೈಪು ಕಟ್ಟಿಕೊಂಡು ಹಳೆಯದು ಹೋಗಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಆಯಿಲ್ ಬರುವ ಮತ್ತು ಹೋಗುವ ಎರಡೂ ಪೈಪುಗಳನ್ನು ಶುಚಿಗೊಳಿಸಬೇಕು. ಅವುಗಳ ಜೋಡಣೆಗೆ ಅಂಟು ಪೇಸ್ಟ್ ಬಳಿಯಬಾರದು, ಅದರ ತುಣುಕು ಒಳಗೆ ಹೋಗಿ ಆಯಿಲ್ ದಾರಿಯನ್ನು ಮುಚ್ಚುತ್ತದೆ. ಹೊಸ ಟರ್ಬೊದೊಳಗೆ ಶುದ್ಧ ಆಯಿಲ್ ಹುಯ್ದು, ಚಕ್ರವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಬಳಿಕವೇ ಎಂಜಿನ್ ಚಾಲೂ ಮಾಡಬೇಕು. ಎಂಜಿನ್ನಿನ ಕೈಪಿಡಿಯಲ್ಲಿರುವ ಭಾಗದ ಸಂಖ್ಯೆಗೆ ಹೊಂದುವ ಟರ್ಬೊವನ್ನೇ ಕೊಳ್ಳಬೇಕು.

ಹೆಚ್ಚು ಶಕ್ತಿ ನಿಜವಾಗಿಯೂ ಬೇಕಿದ್ದರೆ ಮೊದಲು ಫಿಲ್ಟರ್, ನಾಜಲ್, ಟೈರಿನ ಗಾಳಿ ಮತ್ತು ಉಪಕರಣದ ಗಾತ್ರವನ್ನು ಪರೀಕ್ಷಿಸಿರಿ. ಕಳೆದುಹೋದ ಶಕ್ತಿ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ. ಆಗಲೂ ಸಾಲದಿದ್ದರೆ ಟ್ರೇಲರಿನ ಹೊರೆಯನ್ನು ಇಳಿಸುವುದು ಅಥವಾ ಕೆಲಸಕ್ಕೆ ತಕ್ಕ ಅಶ್ವಶಕ್ತಿಯ ಯಂತ್ರವನ್ನು ಬಾಡಿಗೆಗೆ ತರುವುದು ಲೇಸು. ಭತ್ತ ಮಾಗಿ, ಮೋಡ ಕವಿದಿರುವ ದಿನ ಯಂತ್ರ ಗದ್ದೆಯ ನಡುವೆ ನಿಂತರೆ ಆಗುವ ನಷ್ಟ ಟರ್ಬೊ ಬೆಲೆಯಿಂದ ಅಳೆಯುವಂತಹುದಲ್ಲ. ಅಚ್ಚಿಗೆ ತಕ್ಕ ಗಾಲಿ, ಗಾಲಿಗೆ ತಕ್ಕ ಕೀಲೆಣ್ಣೆ ಎಂಬ ನಮ್ಮ ಹಿರಿಯರ ಗಾಡಿಯ ಲೆಕ್ಕ ಇಂದಿನ ಟರ್ಬೊಕ್ಕೂ ಸಲ್ಲುತ್ತದೆ.