ಹೊಳೆಯುವ ನೆಲ, ನಡುಗುವ ಕಾಲು

ತುರುವೇಕೆರೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ನೆಂಟರ ಮನೆ. ಸುತ್ತ ತೆಂಗಿನ ತೋಟ, ನಡುವೆ ಹೊಸದಾಗಿ ಎದ್ದ ತಾರಸಿ ಮನೆ. ಹಳೆಯ ಮನೆಯಲ್ಲಿ ಕೆಂಪು ಕಾವಿಯ ನೆಲವಿತ್ತು. ಹಿತ್ತಿಲ ಕಡೆಯ ಪಡಸಾಲೆಯನ್ನು ವಾರಕ್ಕೊಮ್ಮೆ ಸಗಣಿಯಿಂದ ಸಾರಿಸುತ್ತಿದ್ದರು. ಹೊಸ ಮನೆಗೆ ಕನ್ನಡಿಯಂಥ ಬಿಳಿ ಟೈಲ್ಸ್ ಹಾಕಿಸಿದರು. ಗೃಹಪ್ರವೇಶಕ್ಕೆ ಬಂದವರೆಲ್ಲ ನೆಲದಲ್ಲಿ ತಮ್ಮ ಮುಖ ನೋಡಿಕೊಂಡು ಹೊಗಳಿದ್ದೇ ಹೊಗಳಿದ್ದು. ಹೊಗಳದೆ ಉಳಿದದ್ದು ಒಂದೇ ಜೀವ. ಅದು ಆ ಮನೆಯ ನಾಯಿ ಭೀಮ.

ಭೀಮ ಜರ್ಮನ್ ಷೆಫರ್ಡ್ ಜಾತಿಯವನು. ವಯಸ್ಸು 8, ತೂಕ ಸುಮಾರು 35 ಕಿಲೋ. ರಾತ್ರಿ ತೋಟಕ್ಕೆ ನುಗ್ಗಿದ ಹಂದಿಯನ್ನು ಅಟ್ಟಿಸಿಕೊಂಡು ಹೋದ ಧೀರ. ಮೊದಲ ದಿನ ಎಂದಿನ ಉತ್ಸಾಹದಲ್ಲೇ ಹೊಸ ಮನೆಯೊಳಕ್ಕೆ ಓಡಿದ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ ಹೊಟ್ಟೆಯ ಮೇಲೆ ಬಿದ್ದ. ನೋಡಿದವರು ನಕ್ಕರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಎದ್ದು ಮೈ ಕೊಡವಿ ಹೊರಗೆ ಹೋದವನು ಮತ್ತೆ ಹೊಸ್ತಿಲು ದಾಟಲಿಲ್ಲ. ಮನೆಯ ಯಜಮಾನರು ಸರಪಳಿ ಹಿಡಿದು ಎಳೆದರು, ಗದರಿದರು. ಅವನು ಉಗುರೂರಿ ನಡುಗುತ್ತಾ ನಿಂತ. ‘ನಾಯಿಗೆ ಸೊಕ್ಕು ಬಂದಿದೆ. ತೋಟದ ಮನೆಯ ಹತ್ತಿರ ಕಟ್ಟಿಬಿಡೋಣ’ ಎಂದು ತೀರ್ಮಾನವಾಯಿತು.

ಹತ್ತನೇ ತರಗತಿ ಓದುವ ಮಗಳು ಅಂದು ಊಟ ಬಿಟ್ಟಳು. ಅವಳ ಹಟಕ್ಕೆ ಕಾರಣವಿತ್ತು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಸೀಮೆಯ ತೋಟಗಳಿಗೆ ಚಿರತೆ ಬರುವುದು ಹೊಸ ಸುದ್ದಿಯಲ್ಲ. ಕಟ್ಟಿಹಾಕಿದ ನಾಯಿ ಅದಕ್ಕೆ ಸುಲಭದ ತುತ್ತು. ಇಷ್ಟಕ್ಕೂ ಭೀಮನಿಗೆ ಬಂದದ್ದು ಸೊಕ್ಕೋ, ಭಯವೋ?

ಬೆರಳ ಮೇಲೆ ನಡೆಯುವ ಪ್ರಾಣಿ

ನಾವು ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಇಡೀ ಪಾದವನ್ನು ಊರಿ ನಡೆಯುತ್ತೇವೆ. ನಾಯಿ ಬೆರಳ ಮೇಲೆ ನಡೆಯುತ್ತದೆ. ಅದರ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಗಂಟೊಂದು ಕಾಣುತ್ತದಲ್ಲ, ಅದೇ ಅದರ ಹಿಮ್ಮಡಿ. ನೆಲಕ್ಕೆ ತಾಗುವುದು ಬೆರಳ ಕೆಳಗಿನ ಮೆತ್ತೆಗಳು ಮತ್ತು ಉಗುರು ಮಾತ್ರ. ಬೆಕ್ಕಿನಂತೆ ಉಗುರನ್ನು ಒಳಗೆಳೆದುಕೊಳ್ಳುವ ಅನುಕೂಲ ನಾಯಿಗಿಲ್ಲ. ಮಣ್ಣಿನ ಮೇಲೆ ಆ ಉಗುರು ನೆಲಕ್ಕೆ ಕಚ್ಚಿಕೊಂಡು ಓಟಗಾರನ ಬೂಟಿನ ಮೊಳೆಯಂತೆ ಕೆಲಸ ಮಾಡುತ್ತದೆ.

ಹೊಳಪಿನ ಟೈಲ್ಸಿನ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ವಿಟ್ರಿಫೈಡ್ ಟೈಲ್ಸನ್ನು ಜೇಡಿ, ಸಿಲಿಕಾ, ಫೆಲ್ಡ್‌ಸ್ಪಾರ್‌ಗಳನ್ನು ಬೆರೆಸಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಮಾಡುತ್ತಾರೆ. ಅದು ಗಾಜಿನಂತೆ ಬಿಗಿಯಾಗುತ್ತದೆ. ನೀರು ಹೀರುವುದು ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚಿಲ್ಲ. ಉಗುರು ಕಚ್ಚಲು ಅಲ್ಲಿ ಸಂದಿಯಿಲ್ಲ, ಚೆಲ್ಲಿದ ನೀರು ಇಂಗಲು ದಾರಿಯಿಲ್ಲ. ಹೆದರಿದ ನಾಯಿ ಹುಟ್ಟುಗುಣದಂತೆ ಬೆರಳು ಬಿಗಿಮಾಡಿ ಉಗುರೂರುತ್ತದೆ. ಆಗ ಹಿಡಿತ ಕೊಡಬೇಕಾದ ಮೆತ್ತೆ ನೆಲದಿಂದ ಮೇಲೇಳುತ್ತದೆ. ಹೆದರಿದಷ್ಟೂ ಜಾರುತ್ತದೆ, ಜಾರಿದಷ್ಟೂ ಹೆದರುತ್ತದೆ. ಭೀಮ ಸಿಕ್ಕಿಬಿದ್ದದ್ದು ಈ ಸುಳಿಯಲ್ಲಿ.

ದೊಡ್ಡ ಮೈಯ ಕಷ್ಟ

ಅದೇ ನೆಲದ ಮೇಲೆ ಪಕ್ಕದ ಮನೆಯ ಸಣ್ಣ ನಾಯಿ ಕುಣಿದಾಡುತ್ತಿತ್ತು. ಭೀಮನಿಗೇಕೆ ಅಷ್ಟು ಭಯ? ಜೆ.ಬಿ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ 1926ರಲ್ಲಿ ಪ್ರಾಣಿಗಳ ಗಾತ್ರದ ಬಗ್ಗೆ ಒಂದು ಪ್ರಬಂಧ ಬರೆದರು. ಮುಂದೆ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಅವರು. ಆಳವಾದ ಗಣಿಗೆ ಬಿದ್ದರೂ ಇಲಿ ಎದ್ದು ಓಡಬಲ್ಲದು, ಮನುಷ್ಯನಾಗಲೀ ಕುದುರೆಯಾಗಲೀ ಉಳಿಯಲಾರರು ಎಂಬುದನ್ನು ಅದರಲ್ಲಿ ವಿವರಿಸಿದ್ದಾರೆ. ಲೆಕ್ಕ ಸರಳ. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಅದನ್ನು ಹೊರುವ ಮೂಳೆಯ ಅಡ್ಡಳತೆಯ ವಿಸ್ತೀರ್ಣ ಹೆಚ್ಚುವುದು ನಾಲ್ಕು ಪಟ್ಟು ಮಾತ್ರ. ಸಣ್ಣ ನಾಯಿಗೆ ಬೀಳುವುದು ಆಟ, ದೊಡ್ಡ ನಾಯಿಗೆ ಅದು ಪೆಟ್ಟು.

ಇನ್ನೊಂದು ಸಂಗತಿ. ನಿಂತ ನಾಯಿಯ ತೂಕದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲಿರುತ್ತದೆ. ಭಾರ ಕಡಿಮೆ ಇರುವ ಹಿಂಗಾಲು ಬೇಗ ಹೊರಕ್ಕೆ ಸರಿಯುತ್ತದೆ. ಏಳುವಾಗ, ತಿರುಗುವಾಗ ಹೀಗೆ ಮತ್ತೆ ಮತ್ತೆ ಸೀಳಿದರೆ ಮಂಡಿಯ ಅಸ್ಥಿರಜ್ಜು ಹರಿಯಬಹುದು, ಸೊಂಟದ ಕೀಲು ನೋಯಬಹುದು. ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್, ರಾಟ್‌ವೀಲರ್‌ನಂಥ ಜಾತಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡದ ‘ಹಿಪ್ ಡಿಸ್‌ಪ್ಲೇಸಿಯ’ ಎಂಬ ದೋಷ ವಂಶದಿಂದಲೇ ಬರುವುದುಂಟು. ಆದರೆ ಎಲ್ಲವೂ ಹಣೆಬರಹವಲ್ಲ. ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ಜಾತಿಗಳ ಮರಿಗಳ ಬೆಳವಣಿಗೆಯನ್ನು ಗಮನಿಸಿದ ನಾರ್ವೆಯ ಪಶುವೈದ್ಯ ಸಂಶೋಧಕರು 2012ರಲ್ಲಿ ಒಂದು ಮುಖ್ಯ ವಿಷಯ ಪ್ರಕಟಿಸಿದರು. ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಈ ದೋಷದ ಅಪಾಯ ಹೆಚ್ಚು. ಹೊರಗೆ ಮೆತ್ತನೆಯ ನೆಲದಲ್ಲಿ ಸರಪಳಿಯಿಲ್ಲದೆ ಓಡಾಡಿದವುಗಳಲ್ಲಿ ಕಡಿಮೆ. ಮರಿ ತಂದಿರುವ ಮನೆಯವರು ಇದನ್ನು ನೆನಪಿಡಬೇಕು. ತೋಟದ ಮಣ್ಣು ನಮ್ಮಲ್ಲಿ ಧಾರಾಳವಾಗಿದೆ.

ಹಿತ್ತಿಲಲ್ಲೇ ಇದ್ದ ಮದ್ದು

ತಿಪಟೂರಿನ ಪಶುವೈದ್ಯರೊಬ್ಬರು ಭೀಮನ ಕಾಲು ಸೊಂಟ ಒತ್ತಿ ನೋಡಿ, ‘ಕಾಯಿಲೆ ಏನೂ ಇಲ್ಲ, ನೆಲ ಬದಲಾಯಿಸಿ’ ಎಂದು ನಕ್ಕರಂತೆ. ಲಕ್ಷಾಂತರ ಸುರಿದ ನೆಲವನ್ನು ಕೀಳುವವರುಂಟೇ? ಮಗಳ ಕಣ್ಣು ಹಿತ್ತಿಲ ಕಡೆ ಹೋಯಿತು. ಅಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ!

ತಿಪಟೂರು ಸೀಮೆಯಲ್ಲಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿಗೆ ಬೆಲೆ, ಕರಟಕ್ಕೂ ಬೆಲೆ. ಮಟ್ಟೆ ಮಾತ್ರ ಬಹುಪಾಲು ಮನೆಗಳಲ್ಲಿ ನೀರೊಲೆಗೆ. ಅದೇ ಮಟ್ಟೆಯ ನಾರು ಒರಟು, ಬಿರುಸು, ಬೇಗ ಕೊಳೆಯದು. ಅದರಿಂದ ನೇಯ್ದ ಚಾಪೆ ನಾಯಿಯ ಉಗುರಿಗೆ ಮಣ್ಣಿನಂತೆಯೇ ಹಿಡಿತ ಕೊಡುತ್ತದೆ. ಪೇಟೆಯಲ್ಲಿ ಸಿಗುವ ಉದ್ದನೆಯ ನಾರಿನ ಹಾಸು ತಂದರು. ಹಾಸುವಾಗ ಕಲಿತ ಪಾಠಗಳು ಇವು.

ಮೊದಲನೆಯದು, ಚಾಪೆಯೇ ಜಾರಬಾರದು. ನುಣುಪು ನೆಲದ ಮೇಲೆ ಬರಿಯ ಚಾಪೆ ಅಥವಾ ಜಮಖಾನ ಹಾಸುವುದು ನಾಯಿಗೆ ಹಳ್ಳ ತೋಡಿದಂತೆ. ಒಮ್ಮೆ ಅದು ಕಾಲ ಕೆಳಗೆ ಸರಿದರೆ ನಾಯಿ ಚಾಪೆಯನ್ನೂ ನಂಬುವುದಿಲ್ಲ. ರಬ್ಬರ್ ತಳವಿರುವ ಹಾಸು ಒಳ್ಳೆಯದು. ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಪಟ್ಟಿಗಳನ್ನು ತಳಕ್ಕೆ ಹೊಲಿಯಬಹುದು.

ಎರಡನೆಯದು, ಇಡೀ ಮನೆಗೆ ಹಾಸಬೇಕಿಲ್ಲ. ನಾಯಿಗೆ ಬೇಕಾದದ್ದು ಒಂದು ರಸ್ತೆ. ಹೊಸ್ತಿಲಿನಿಂದ ಮಲಗುವ ಜಾಗಕ್ಕೆ, ಅಲ್ಲಿಂದ ಊಟದ ತಟ್ಟೆಗೆ. ಎರಡು ಅಡಿ ಅಗಲ ಸಾಕು. ನಡುವೆ ಬರಿ ನೆಲ ಬಿಡಬೇಡಿ. ತಿರುವಿನಲ್ಲಿ, ತಟ್ಟೆಯ ಮುಂದೆ, ಮಲಗಿ ಏಳುವಲ್ಲಿ ಹಾಸು ಅಗಲವಾಗಿರಲಿ. ಜಾರುವುದು ಹೆಚ್ಚಾಗಿ ಅಲ್ಲೇ.

ಮೂರನೆಯದು, ಎಳೆಯಬೇಡಿ. ಮಗಳು ಮೊದಲ ದಿನ ಹಾಸಿನ ತುದಿಯಲ್ಲಿ ಮುದ್ದೆಯ ಚೂರಿಟ್ಟು ದೂರ ಕುಳಿತಳು. ಎರಡನೆಯ ದಿನ ಚೂರು ಒಂದು ಮೊಳ ಒಳಕ್ಕೆ ಹೋಯಿತು. ದಿನಕ್ಕೆ ಐದು ನಿಮಿಷ, ಅಷ್ಟೇ. ಭೀಮ ಹಿಂದೆ ಸರಿದರೆ ಗದರಿಕೆಯಿಲ್ಲ, ನಗುವೂ ಇಲ್ಲ.

ನಾಲ್ಕನೆಯದು, ಹಾಸನ್ನು ವಾರಕ್ಕೊಮ್ಮೆ ಕೊಡವಿ ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಚಿಗಟ, ಉಣ್ಣೆ ಸೇರುತ್ತವೆ. ನಾರು ಕಚ್ಚಿ ನುಂಗುವ ಮರಿಗಳಿದ್ದರೆ ಬರಿಯ ರಬ್ಬರ್ ಹಾಸೂ ಅಪಾಯವೇ, ಕಣ್ಣಿಟ್ಟಿರಬೇಕು. ಮುದಿ ನಾಯಿ ಮಲಗಲು ನಾರು ಚುಚ್ಚುತ್ತದೆ. ಮೇಲೊಂದು ಹಳೆಯ ಕಂಬಳಿ ಇರಲಿ.

ಉಗುರು, ಕೂದಲು, ಎಣ್ಣೆ

ನಡೆಯುವಾಗ ನೆಲದ ಮೇಲೆ ಟಕಟಕ ಸದ್ದು ಕೇಳಿದರೆ ಉಗುರು ಬೆಳೆದಿದೆ ಎಂದರ್ಥ. ಮೂರು ನಾಲ್ಕು ವಾರಕ್ಕೊಮ್ಮೆ ತುದಿಯನ್ನಷ್ಟೇ ಕತ್ತರಿಸಬೇಕು. ಉಗುರಿನೊಳಗೆ ರಕ್ತನಾಳವಿದೆ. ಕಪ್ಪು ಉಗುರಿನಲ್ಲಿ ಅದು ಕಾಣದು. ಮೊದಲ ಸಲ ಪಶುವೈದ್ಯರಿಂದಲೇ ನೋಡಿ ಕಲಿಯಿರಿ. ಉದ್ದ ಕೂದಲಿನ ಜಾತಿಗಳಲ್ಲಿ ಮೆತ್ತೆಗಳ ನಡುವೆಯೂ ಕೂದಲು ಬೆಳೆದು ಕಾಲುಚೀಲ ಹಾಕಿದಂತಾಗುತ್ತದೆ. ಅದನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಬೇಕು.

ತೆಂಗಿನ ನಾಡಿನಲ್ಲಿ ಎಲ್ಲ ನೋವಿಗೂ ಕೊಬ್ಬರಿ ಎಣ್ಣೆ. ನೆಂಟರ ಮನೆಯಲ್ಲೂ ಭೀಮನ ಪಾದ ಒರಟಾಗಿದೆಯೆಂದು ಎಣ್ಣೆ ಸವರಿದ್ದರು. ಎಣ್ಣೆ ಮೆತ್ತಿದ ಪಾದ ಟೈಲ್ಸಿನ ಮೇಲೆ ಏನಾಗುತ್ತದೆಂದು ಹೇಳಬೇಕೆ? ನೆಲ ಒರೆಸುವ ಸಾಬೂನಿನ ಪಸೆಯೂ ಹಾಗೆಯೇ. ಶುದ್ಧ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಗಿದ ಮೇಲೆ ನಾಯಿಯನ್ನು ಬಿಡಿ. ಫಿನಾಯಿಲ್ ಹಾಕಿದ ನೆಲದಲ್ಲಿ ನಡೆದು ಪಾದ ನೆಕ್ಕುವುದು ನಾಯಿಗೆ ಕೆಡುಕು.

ಕೊನೆಯದಾಗಿ ತೂಕ. ಪಕ್ಕೆ ಸವರಿದರೆ ಎಲುಬು ಬೆರಳಿಗೆ ಸಿಗಬೇಕು. ಪ್ರೀತಿಯಿಂದ ಹಾಕುವ ಕೊಬ್ಬರಿ, ಕಾಯಿತುರಿಯ ಕೊಬ್ಬು ಕೀಲಿನ ಮೇಲೆ ಭಾರವಾಗಿ ಕೂರುತ್ತದೆ.

ವೈದ್ಯರನ್ನು ಕಾಣುವುದು ಯಾವಾಗ?

ವರ್ಷಗಟ್ಟಲೆ ನಡೆದ ನೆಲಕ್ಕೇ ನಾಯಿ ಈಗ ಹೆದರಿದರೆ ನೆಲವನ್ನಷ್ಟೇ ದೂರಬೇಡಿ. ಏಳಲು ತಿಣುಕುವುದು, ಮೊಲದಂತೆ ಎರಡೂ ಹಿಂಗಾಲು ಜೋಡಿಸಿ ಕುಪ್ಪಳಿಸುವುದು, ಬೆರಳು ನೆಲಕ್ಕೆ ಉಜ್ಜುವುದು, ಒಂದು ಕಾಲು ಎತ್ತಿಕೊಂಡೇ ಇರುವುದು ಕಂಡರೆ ತಡಮಾಡದೆ ಪಶು ಆಸ್ಪತ್ರೆಗೆ ಹೋಗಿ. ಏಳಲಾಗದ ನಾಯಿಯ ಹೊಟ್ಟೆಯಡಿ ಹಿಂಗಾಲ ಮುಂದೆ ಒಂದು ಟವಲ್ ತೂರಿಸಿ ಎರಡು ತುದಿ ಹಿಡಿದು ಆಸರೆ ಕೊಡಬಹುದು. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಮಾತ್ರ ಖಂಡಿತ ಕೊಡಬೇಡಿ. ಮನುಷ್ಯರ ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳಿಗೆ ವಿಷ. ಪ್ಯಾರಾಸಿಟಮಾಲ್ ಕೂಡ ಅಪಾಯಕಾರಿ.

ಮಕ್ಕಳಿಗೊಂದು ಪ್ರಯೋಗ

ಈ ಪ್ರಸಂಗದಲ್ಲಿ ಭೌತಶಾಸ್ತ್ರದ ಪಾಠವೂ ಇದೆ. ಒಂದು ಹಲಗೆಯ ಮೇಲೆ ಉಳಿದ ಟೈಲ್ಸ್ ತುಂಡನ್ನು ಕಟ್ಟಿ. ಹಳೆಯ ಚಪ್ಪಲಿಯ ರಬ್ಬರ್ ತುಂಡೊಂದು ನಾಯಿಯ ಮೆತ್ತೆಯ ಬದಲಿಗಿರಲಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ, ರಬ್ಬರ್ ಜಾರತೊಡಗಿದ ಕೋನವನ್ನು ಅಳೆಯಿರಿ. ಆ ಕೋನದ ಟ್ಯಾನ್ ಬೆಲೆಯೇ ಘರ್ಷಣೆಯ ಗುಣಾಂಕ. 20 ಡಿಗ್ರಿಗೇ ಜಾರಿದರೆ ಸುಮಾರು 0.36, 45 ಡಿಗ್ರಿಯವರೆಗೆ ನಿಂತರೆ 1. ಒಣ ಟೈಲ್ಸ್, ಸಾಬೂನು ನೀರಿನ ಟೈಲ್ಸ್, ನಾರಿನ ಚಾಪೆ ಮೂರಕ್ಕೂ ಅಳೆದು ಹೋಲಿಸಿ. ರಬ್ಬರ್ ಮೇಲೆ ಒಂದು ಕಲ್ಲು ಹೇರಿಯೂ ನೋಡಿ, ಕೋನ ಹೆಚ್ಚು ಬದಲಾಗದು. ಜಾರಲು ಭಾರ ಕಾರಣವಲ್ಲ, ಬಿದ್ದಾಗಿನ ಪೆಟ್ಟಿಗೆ ಭಾರ ಕಾರಣ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಹನ್ನೊಂದನೆಯ ದಿನ ಭೀಮ ತನ್ನ ರಸ್ತೆಯುದ್ದಕ್ಕೂ ನಡೆದು, ಹಳೆಯ ಮನೆಯಲ್ಲಿ ಮಲಗುತ್ತಿದ್ದಂತೆಯೇ ಯಜಮಾನರ ಮಂಚದ ಬುಡದಲ್ಲಿ ಮಲಗಿದನಂತೆ. ಮೊನ್ನೆ ಹೋದಾಗ ಇನ್ನೊಂದನ್ನು ಕಂಡೆ. ಹೊಸ ಮನೆಗೆ ಬಂದಾಗಿನಿಂದ ಗೋಡೆ ಹಿಡಿದು ಓಡಾಡುತ್ತಿದ್ದ ಮನೆಯ ಅಜ್ಜಿ, ಈಗ ಗೋಡೆ ಬಿಟ್ಟು ನಾರಿನ ಹಾಸಿನ ಮೇಲೇ ನಡೆಯುತ್ತಿದ್ದರು. ‘ನೀವು ಮೊದಲೇ ಹೇಳಬಾರದಿತ್ತೆ ಅಮ್ಮಾ?’ ಎಂದು ಮಗ ಕೇಳಿದ್ದಕ್ಕೆ ಅಜ್ಜಿ ಹೇಳಿದರು: ‘ಅಷ್ಟು ಆಸೆಪಟ್ಟು ಹಾಕಿಸಿದ ನೆಲ. ಜಾರುತ್ತೆ ಅಂತ ಹೇಗಪ್ಪಾ ಹೇಳಲಿ?’

ಅಂದೇ ಸಂಜೆ ಯಜಮಾನರು ತಿಪಟೂರಿಗೆ ಹೋಗಿ ಬಚ್ಚಲ ಬಾಗಿಲವರೆಗೆ ಸಾಲುವಷ್ಟು ಹಾಸು ತಂದರು.