ಸೈಕಲ್ಲಿನ ಕೊಳವೆಯಲ್ಲಿ ಅಡಗಿದ್ದ ಪುಣ್ಯ

ಸೈಕಲ್ ಪಂದ್ಯವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡ ಸಾಹಸಿಗಳು ಯೂರೋಪಿನಲ್ಲಿ ಅನೇಕರು. ಅವರಲ್ಲಿ ಇಟಲಿಯ ಜೀನೋ ಬಾರ್ತಾಲಿಯ ಹೆಸರು ಎರಡು ಕಾರಣಗಳಿಂದ ಚಿರಸ್ಮರಣೀಯವಾಗಿದೆ. ಒಂದನ್ನು ಲೋಕವೆಲ್ಲ ಕಂಡಿತು. ಮತ್ತೊಂದನ್ನು ಆತನು ಬಹುಕಾಲ ಯಾರಿಗೂ ತಿಳಿಯಗೊಡಲಿಲ್ಲ.

1914ರಲ್ಲಿ ಫ್ಲಾರೆನ್ಸ್ ನಗರದ ಸಮೀಪದ ಪೊಂತೆ ಆ ಏಮಾ ಎಂಬ ಊರಿನಲ್ಲಿ, ಕೂಲಿಕಾರನ ಮಗನಾಗಿ ಬಾರ್ತಾಲಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ಸೈಕಲ್ ರಿಪೇರಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತನು. 1936ರಲ್ಲಿ ಇಟಲಿಯನ್ನು ಸುತ್ತುವ ಮಹಾಪಂದ್ಯವಾದ 'ಜೀರೋ'ವನ್ನು ಗೆದ್ದನು. ಕೆಲವೇ ದಿನಗಳಲ್ಲಿ ಆತನ ತಮ್ಮ ಜೂಲಿಯೋ ಪಂದ್ಯವೊಂದರಲ್ಲಿ ಅಪಘಾತಕ್ಕೀಡಾಗಿ ಮಡಿದನು. ದುಃಖದಿಂದ ಸೈಕಲ್ಲನ್ನೇ ತ್ಯಜಿಸಲು ಯೋಚಿಸಿದ ಬಾರ್ತಾಲಿ, ಮನಸ್ಸನ್ನು ಗಟ್ಟಿ ಮಾಡಿಕೊಂಡು 1937ರಲ್ಲಿ ಮತ್ತೆ 'ಜೀರೋ'ವನ್ನೂ 1938ರಲ್ಲಿ 'ಟೂರ್ ದ ಫ್ರಾನ್ಸ್' ಪಂದ್ಯವನ್ನೂ ಗೆದ್ದನು.

ಅಷ್ಟರಲ್ಲಿ ಮಹಾಯುದ್ಧವು ಆರಂಭವಾಯಿತು. 1943ರಲ್ಲಿ ಜರ್ಮನ್ ಸೈನ್ಯವು ಇಟಲಿಯನ್ನು ಆಕ್ರಮಿಸಿ ಯೆಹೂದ್ಯರನ್ನು ಸೆರೆಹಿಡಿಯತೊಡಗಿತು. ಫ್ಲಾರೆನ್ಸಿನ ಕಾರ್ಡಿನಲ್ ದಲ್ಲಾ ಕೋಸ್ತಾ ಅವರು ಗುಪ್ತವಾಗಿ ನಡೆಸುತ್ತಿದ್ದ ರಕ್ಷಣಾಕಾರ್ಯಕ್ಕೆ ಬಾರ್ತಾಲಿ ಕೈಜೋಡಿಸಿದನು. ಅಭ್ಯಾಸಕ್ಕೆ ಹೊರಟವನಂತೆ ಫ್ಲಾರೆನ್ಸಿನಿಂದ 150 ಕಿಲೋಮೀಟರಿಗೂ ಹೆಚ್ಚು ದೂರದ ಅಸೀಸಿಗೆ ಸವಾರಿ ಮಾಡುವನು. ಆದರೆ ಸೈಕಲ್ಲಿನ ಕೊಳವೆಗಳಲ್ಲಿ ಯೆಹೂದ್ಯರಿಗಾಗಿ ಸಿದ್ಧಪಡಿಸಿದ ಸುಳ್ಳು ಗುರುತುಪತ್ರಗಳು ಅಡಗಿರುತ್ತಿದ್ದವು. ಒಂದು ಯೆಹೂದ್ಯ ಕುಟುಂಬಕ್ಕಂತೂ ತಾನೇ ಆಶ್ರಯವಿತ್ತನು. ಸಿಕ್ಕಿಬಿದ್ದಿದ್ದರೆ ಆತನ ಪ್ರಾಣಕ್ಕೇ ಸಂಚಕಾರವಿತ್ತು.

ಯುದ್ಧವು ಆತನ ಯೌವನದ ಉತ್ತಮ ವರ್ಷಗಳನ್ನು ನುಂಗಿತು. 1946ರಲ್ಲಿ ಮೂರನೆಯ ಬಾರಿ 'ಜೀರೋ'ವನ್ನು ಗೆದ್ದರೂ, 1948ರಲ್ಲಿ ಫ್ರಾನ್ಸಿಗೆ ಹೋದಾಗ ಆತನನ್ನು ಮುದುಕನೆಂದೇ ಹಲವರು ಎಣಿಸಿದ್ದರು. ಪಂದ್ಯದ ನಡುವೆ ಫ್ರಾನ್ಸಿನ ತರುಣ ಲೂಯಿಸೋ ಬೊಬೆ ಆತನಿಗಿಂತ 21 ನಿಮಿಷಗಳಷ್ಟು ಮುಂದಿದ್ದನು. ಜುಲೈ 14ರಂದು ಇಟಲಿಯ ಕಮ್ಯುನಿಸ್ಟ್ ನಾಯಕ ತೊಗ್ಲಿಯಾತ್ತಿಯ ಮೇಲೆ ಗುಂಡು ಹಾರಿ, ದೇಶವು ಕ್ಷೋಭೆಗೊಳಗಾಯಿತು. ಮರುದಿನ ಆಲ್ಪ್ಸ್ ಪರ್ವತದ ಏರುದಾರಿಯಲ್ಲಿ ಬಾರ್ತಾಲಿ ಎಲ್ಲರನ್ನೂ ಹಿಂದಿಕ್ಕಿದನು; ಅದರ ಮರುದಿನ ಮುಂದಾಳುವಿನ ಹಳದಿ ಅಂಗಿ ಆತನದಾಯಿತು. ಕೊನೆಗೆ 26 ನಿಮಿಷಗಳ ಅಂತರದಿಂದ ಪಂದ್ಯವನ್ನು ಗೆದ್ದನು. ಮೊದಲ ಗೆಲುವಿಗೂ ಎರಡನೆಯದಕ್ಕೂ ನಡುವೆ ಹತ್ತು ವರ್ಷ! ಇಟಲಿಯ ಜನರು ಕಲಹವನ್ನು ಕ್ಷಣಕಾಲ ಮರೆತು ಹರ್ಷಿಸಿದರು.

2000ರಲ್ಲಿ ಬಾರ್ತಾಲಿ ತೀರಿಕೊಂಡನು. ಯುದ್ಧಕಾಲದ ಉಪಕಾರವನ್ನು ಹೇಳಿಕೊಂಡು ಆತನು ಕೀರ್ತಿಯನ್ನು ಬಯಸಲಿಲ್ಲ. 2013ರಲ್ಲಿ ಜೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆಯು, ಯೆಹೂದ್ಯರನ್ನು ರಕ್ಷಿಸಿದ ಸತ್ಪುರುಷರ ಸಾಲಿನಲ್ಲಿ ಆತನ ಹೆಸರನ್ನು ಸೇರಿಸಿ ಗೌರವಿಸಿತು.

ಹಗಲಿರುಳು ದುಡಿಯುವವರ ಬಡವಾಹನವಾದ ಸೈಕಲ್ಲಿನಿಂದ ಪದಕಗಳನ್ನು ಗಳಿಸಿದವರು ಹಲವರುಂಟು. ಅದೇ ಸೈಕಲ್ಲಿನಿಂದ ಪರರ ಪ್ರಾಣವನ್ನುಳಿಸಿ, ಮೌನವಾಗಿದ್ದವರು ವಿರಳ.