ಒಂದೇ 'ಬಾಸ್', ಎರಡು ಹಣೆಬರಹ

ಬೆಂಗಳೂರಿನ ರಸ್ತೆ ಬದಿಯಲ್ಲಿ ಆಟೋ ನಿಲ್ಲಿಸಿ 'ಮೆಜೆಸ್ಟಿಕ್‌ಗೆ ಬರ್ತೀರಾ ಬಾಸ್?' ಎಂದು ಕೇಳುವವನಿಗೂ, 'ಮೀಟರ್ ಮೇಲೆ ಸ್ವಲ್ಪ ನೋಡಿ ಕೊಡಿ ಬಾಸ್' ಎನ್ನುವ ಚಾಲಕನಿಗೂ ತಮ್ಮಿಬ್ಬರಲ್ಲಿ ಯಾರೂ ಯಾರಿಗೂ ಒಡೆಯರಲ್ಲ ಎಂಬುದು ಚೆನ್ನಾಗಿ ಗೊತ್ತು. ನಿಜವಾದ ಬಾಸ್ ಇರುವುದು ಕಚೇರಿಯಲ್ಲಿ. ಅಲ್ಲಿ ಅವರು ಎದುರಿಗಿದ್ದಾಗ 'ಸಾರ್', ಬೆನ್ನು ತಿರುಗಿಸಿದ ಮೇಲೆ 'ಬಾಸ್'.

ಇಷ್ಟು ಸಲೀಸಾಗಿ ನಾಲಿಗೆಯ ಮೇಲೆ ಹೊರಳುವ ಈ ಪದ ಮೂಲತಃ ಇಂಗ್ಲಿಷಿನದಲ್ಲ. ಡಚ್ ಭಾಷೆಯ 'ಬಾಸ್' ಎಂದರೆ ಯಜಮಾನ, ಕೆಲಸ ಮಾಡಿಸುವವನು. ಇಂಗ್ಲಿಷರು ಅದನ್ನು ಮೊಟಕುಗೊಳಿಸಿ ಉಚ್ಚರಿಸುತ್ತಾರೆ. ಕನ್ನಡಿಗರು ಬಾಯಿ ತುಂಬ ಹೇಳುವ 'ಬಾಸ್' ಡಚ್ಚರ ಉಚ್ಚಾರಣೆಗೇ ಹೆಚ್ಚು ಹತ್ತಿರ ಎಂಬುದೊಂದು ತಮಾಷೆ. ಇಂದಿನ ನ್ಯೂಯಾರ್ಕ್ 17ನೇ ಶತಮಾನದಲ್ಲಿ ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತು. 1664ರಲ್ಲಿ ಊರು ಇಂಗ್ಲಿಷರ ವಶವಾಯಿತು. ಹೆಸರು ಬದಲಾಯಿತು, ಬಾವುಟ ಬದಲಾಯಿತು, ಆದರೆ ಡಚ್ಚರ ಕೆಲವು ಮಾತುಗಳು ಅಲ್ಲೇ ಉಳಿದುಕೊಂಡವು.

ಅವುಗಳಲ್ಲಿ ಇದೊಂದು ಪದ ಅಮೆರಿಕದ ಉದ್ದಗಲಕ್ಕೂ ಹಬ್ಬಿದ್ದಕ್ಕೆ ಕಾರಣವಿದೆ. ಕೆಲಸಕ್ಕಿಟ್ಟುಕೊಂಡವನನ್ನು ಕರೆಯಲು ಇಂಗ್ಲಿಷಿನಲ್ಲಿ 'ಮಾಸ್ಟರ್' ಎಂಬ ಪದ ಮೊದಲೇ ಇತ್ತು. ಆದರೆ ಅಮೆರಿಕದಲ್ಲಿ ಅದು ಗುಲಾಮರು ತಮ್ಮ ಮಾಲೀಕರಿಗೆ ಹೇಳುವ ಮಾತೂ ಆಗಿತ್ತು. ಕೂಲಿಗೆ ದುಡಿಯುವ ಬಿಳಿಯ ಬಡಗಿಗೆ, ಕಮ್ಮಾರನಿಗೆ, ಮನೆಗೆಲಸದವಳಿಗೆ ಅದನ್ನು ಉಚ್ಚರಿಸುವುದೆಂದರೆ ತಮ್ಮನ್ನು ಗುಲಾಮರ ಸಾಲಿಗೆ ಸೇರಿಸಿಕೊಂಡಂತೆ. 1807ರಲ್ಲಿ ಪ್ರಕಟವಾದ ಚಾರ್ಲ್ಸ್ ವಿಲಿಯಂ ಜಾನ್ಸನ್ ಎಂಬ ಇಂಗ್ಲಿಷ್ ಪ್ರವಾಸಿಯ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಬಾಗಿಲು ತೆರೆದ ಕೆಲಸದವಳನ್ನು ಯಜಮಾನರು ಮನೆಯಲ್ಲಿದ್ದಾರೆಯೇ ಎಂದು ಕೇಳಿದರೆ, ತನಗೆ ಯಜಮಾನನೇ ಇಲ್ಲವೆಂದು ಅವಳು ಉತ್ತರಿಸುತ್ತಾಳೆ! ಇಂಥವರಿಗೆ ಅರ್ಥ ಅದೇ ಇದ್ದರೂ ನಾತ ಅಂಟದ ಒಂದು ಹೊಸ ಪದ ಬೇಕಿತ್ತು. ಡಚ್ಚರ 'ಬಾಸ್' ಒದಗಿಬಂತು. ಸ್ವಾಭಿಮಾನವೇನೋ ಉಳಿಯಿತು; ಅದರ ಬೆಲೆ ಮಾತ್ರ ಗುಲಾಮರಿಂದ ದೂರ ಸರಿದು ನಿಲ್ಲುವುದಾಗಿತ್ತು.

ಇದೇ ಪದ ಡಚ್ಚರೊಂದಿಗೆ ಹಡಗಿನಲ್ಲಿ ಇನ್ನೊಂದು ದಿಕ್ಕಿಗೂ ಹೋಯಿತು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆಯೂರಿತು. ಮಡಗಾಸ್ಕರ್, ಇಂಡೋನೇಷ್ಯದ ದ್ವೀಪಗಳಿಂದಷ್ಟೇ ಅಲ್ಲ, ಭಾರತದ ಬಂಗಾಳ ಮತ್ತು ಮಲಬಾರ್ ತೀರಗಳಿಂದಲೂ ಗುಲಾಮರನ್ನು ಅಲ್ಲಿಗೆ ಸಾಗಿಸಲಾಯಿತು. ಅಲ್ಲಿ ಯಾರೂ ಪದ ಆರಿಸಿಕೊಳ್ಳುವಂತಿರಲಿಲ್ಲ. ಬಿಳಿಯನೆಲ್ಲ 'ಬಾಸ್', ಅಷ್ಟೆ. 1954ರಿಂದ 1958ರವರೆಗೆ ದಕ್ಷಿಣ ಆಫ್ರಿಕದ ಪ್ರಧಾನಿಯಾಗಿದ್ದ ಸ್ಟ್ರೈಡಮ್ ಬಿಳಿಯರ ಮೇಲಾಳ್ವಿಕೆಯ ತಮ್ಮ ನೀತಿಯನ್ನು 'ಬಾಸ್‌ಕಾಪ್', ಅಂದರೆ ಬಾಸ್‌ತನ, ಎಂದೇ ಕರೆದರು. ಅಮೆರಿಕದಲ್ಲಿ ಗುಲಾಮಗಿರಿಯ ವಾಸನೆ ತಪ್ಪಿಸಲು ಹುಡುಕಿದ ಪದ ಇಲ್ಲಿ ಸರ್ಕಾರದ ನೀತಿಗೇ ಹೆಸರಾಯಿತು.

ಒಡೆಯರನ್ನು ಕರೆಯುವ ಪದಗಳು ಇಂಗ್ಲಿಷಿನಲ್ಲಿ ಬಹಳಷ್ಟು ಬಂದಿರುವುದು ವಯಸ್ಸಿನ ದಾರಿಯಿಂದ. ಕಚೇರಿಗಳ 'ಸಾರ್' ಮೂಲದಲ್ಲಿ ಲ್ಯಾಟಿನ್‌ನ 'ಸೀನಿಯರ್'; ಅದರರ್ಥ ಹೆಚ್ಚು ವಯಸ್ಸಾದವನು ಎಂದಷ್ಟೆ. 'ಗ್ಯಾಫರ್' ಎಂಬುದು 'ಗಾಡ್‌ಫಾದರ್' ಸವೆದು ಆದದ್ದು. 16ನೇ ಶತಮಾನದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಅದು ಮುದುಕರಿಗೆ ಗೌರವದ ಕರೆ. ಮುಂದೆ ಕೂಲಿಗಳ ಮೇಸ್ತ್ರಿಗೆ ಅಂಟಿಕೊಂಡಿತು. ಈಗ ಬ್ರಿಟನ್ನಿನ ಫುಟ್‌ಬಾಲ್ ಆಟಗಾರರು ತಮ್ಮ ತಂಡದ ಮ್ಯಾನೇಜರನ್ನು ಹಾಗೆ ಕರೆಯುತ್ತಾರೆ. ಅದರ ಜೋಡಿಯಾಗಿ ಮುದುಕಿಯರಿಗಿದ್ದ 'ಗ್ಯಾಮರ್' ಮಾತ್ರ ಯಾವ ಬಡ್ತಿಯನ್ನೂ ಕಾಣದೆ ಮೂಲೆ ಸೇರಿತು. ಆಶ್ಚರ್ಯವೇನಿಲ್ಲ. ಹಡಗಿನ ಕ್ಯಾಪ್ಟನ್ನಿಗೆ ಮೂವತ್ತೇ ವರ್ಷವಾಗಿರಲಿ, ನಾವಿಕರ ಬಾಯಲ್ಲಿ ಅವನು 'ಓಲ್ಡ್ ಮ್ಯಾನ್'. ಇಂಗ್ಲಿಷಿನ ಗಂಡಂದಿರೂ ಅಪ್ಪಂದಿರೂ ಅದೇ ಹೆಸರಿಗೆ ಓಗೊಡುತ್ತಾರೆ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಯಜಮಾನ' ಎಂದರೆ ಯಜ್ಞ ಮಾಡಿಸುವವನು. ಆದರೆ ಇಲ್ಲಿ ಅಂಗಡಿಯ ಮಾಲೀಕನೂ ಯಜಮಾನ, ಗಂಡನೂ ಯಜಮಾನ, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಅಪರಿಚಿತ ಮುದುಕರೂ ಯಜಮಾನರು. ತಲೆ ನೆರೆತರೆ ಮಾತಿನಲ್ಲಾದರೂ ಒಂದಿಷ್ಟು ದೊಡ್ಡಸ್ತಿಕೆ ಸಿಗುತ್ತದೆ ಎಂಬ ರೂಢಿ ಇಂಗ್ಲೆಂಡಿನಲ್ಲೂ ಇತ್ತು, ಇಲ್ಲೂ ಇದೆ.

ಆ ರೂಢಿಯನ್ನು ಬೇಕೆಂದೇ ಮುರಿದದ್ದು ದಕ್ಷಿಣ ಆಫ್ರಿಕದಲ್ಲಿ ಮತ್ತು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ. ಎರಡೂ ಕಡೆ ಕಪ್ಪುವರ್ಣೀಯ ಗಂಡಸು ಎಷ್ಟೇ ವಯಸ್ಸಾದರೂ 'ಬಾಯ್', ಹುಡುಗ. ಮೊಮ್ಮಕ್ಕಳನ್ನು ಕಂಡವನನ್ನೂ ಮೀಸೆ ಮೂಡದ ಬಿಳಿಯ ಪೋರ ಹಾಗೆ ಕೂಗಬಹುದಿತ್ತು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಹೋಯಿತು. 'ಮಾಸ್ಟರ್' ಜಾಗಕ್ಕೆ ಕಪ್ಪುವರ್ಣೀಯರ ಬಾಯಿಗೆ ಬಂದು ಕುಳಿತದ್ದು ಇದೇ 'ಬಾಸ್'. ಬಿಳಿಯ ಕೆಲಸಗಾರ ತಾನು ಗುಲಾಮನಲ್ಲವೆಂದು ತೋರಿಸಿಕೊಳ್ಳಲು ಆರಿಸಿಕೊಂಡ ಪದವನ್ನು ದಕ್ಷಿಣದ ಗೇಣಿದಾರ ಜಮೀನ್ದಾರನಿಗೆ, ಕೈದಿ ಕಾವಲುಗಾರನಿಗೆ ಹೇಳಬೇಕಾಯಿತು.

ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಕಪ್ಪುವರ್ಣೀಯ ಪೌರಕಾರ್ಮಿಕರು ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. ಹತ್ತು ದಿನ ಕಳೆದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಬೇಕು, ಸಂಘಕ್ಕೆ ಮಾನ್ಯತೆ ಬೇಕು ಎಂಬುವು ಅವರ ಬೇಡಿಕೆಗಳು. ಆದರೆ ಮೆರವಣಿಗೆಯಲ್ಲಿ ಎದೆಯ ಮೇಲೆ ಹೊತ್ತ ಫಲಕಗಳಲ್ಲಿ ಕೂಲಿಯ ಮಾತಿರಲಿಲ್ಲ. 'ಐ ಆ್ಯಮ್ ಎ ಮ್ಯಾನ್' ಎಂದಷ್ಟೇ ಬರೆದಿತ್ತು. 'ಮ್ಯಾನ್' ಎಂದರೆ ಮನುಷ್ಯ, ವಯಸ್ಸಿಗೆ ಬಂದ ಗಂಡಸು ಕೂಡ, 'ಬಾಯ್' ಅಲ್ಲ. ಅವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡೇಟಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಾಡಳಿತ ಸಂಘಕ್ಕೆ ಮಾನ್ಯತೆ ಕೊಟ್ಟಿತು, ಕೂಲಿಯೂ ಹೆಚ್ಚಿತು.